ಗುರುವಾರದ ತಾರೀಕು

ಮೈಲಾರಿ ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ. ಮಾಸ್ತರರು ಬೈದರೆಂದು ಆರನೇ ಇಯತ್ತೆಗೇ ಶಾಲೆಗೆ ಕೈಮುಗಿದು, ಕಿಸೆಯಲ್ಲಿ ಎಳ್ಳುಂಡೆ ಹಾಕಿಕೊಂಡು ಹೊರಟವನು ಆಮೇಲೆ ಎಲ್ಲೂ ನೆಲೆ ನಿಲ್ಲಲಿಲ್ಲ. ಯಾರಾದರೂ ದನಿ ಏರಿಸಿದರೆ ಸಾಕು, ಹೇಳದೆ ಕೇಳದೆ ಚೀಲ ಹೆಗಲಿಗೇರಿಸುತ್ತಿದ್ದ.

ಹಾಗೆ ಅಲೆಯುತ್ತ ಗದಗಿಗೆ ಬಂದು ನೀಲಗಂಗವ್ವನ ರೊಟ್ಟಿ ಕೇಂದ್ರ ಸೇರಿದ. ಖಾನಾವಳಿಗಳಿಗೆ ಸೈಕಲ್ ಮೇಲೆ ರೊಟ್ಟಿ ಮುಟ್ಟಿಸುವ ಕೆಲಸ. ಅವನ ಚುರುಕು ಕಂಡ ನೀಲಗಂಗವ್ವ, ಮಧ್ಯಾಹ್ನ ಒಲೆ ಆರಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಸಿದಳು. ತಪ್ಪಿದಾಗ ಬೈಯಲಿಲ್ಲ. ಇನ್ನೊಮ್ಮೆ ಒತ್ತು ತಮ್ಮಾ, ಅನ್ನುತ್ತಿದ್ದಳು. ಶಾಲೆಯಲ್ಲಿ ಇಂಥ ಮಾತು ಕೇಳಿದ್ದರೆ ಊರೇ ಬಿಡುತ್ತಿರಲಿಲ್ಲವೇನೋ ಅಂತ ಅವನಿಗೆ ಅನ್ನಿಸಿತು.

ಆಕೆಗೊಂದು ನೇಮವಿತ್ತು. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು. ಆದರೆ ಜೋಳದ ವ್ಯಾಪಾರಿ ಬರುತ್ತಿದ್ದುದೇ ಶುಕ್ರವಾರ. ದುಡ್ಡು ಕಾಣದೆ ಚೀಲ ಇಳಿಸುವ ಆಸಾಮಿಯಲ್ಲ. ಅದಕ್ಕೆ ಆಕೆ, ಆ ಬೆಳಗಿನ ವ್ಯಾಪಾರದ ದುಡ್ಡು ಅವನ ಕೈಗಿಟ್ಟು, ಕಂಪ್ಯೂಟರಿನಲ್ಲಿ ಮಾತ್ರ ಗುರುವಾರದ ತಾರೀಕು ಹಾಕಿಸುತ್ತಿದ್ದಳು.

ರೊಟ್ಟಿ ಯಂತ್ರಕ್ಕೆ ಸಾಲ ತೆಗೆಯಬೇಕೆಂದಾಗ, ಜಾಮೀನು ನಿಲ್ಲಬೇಕಿದ್ದ ಮೈದುನ ವೀರಭದ್ರಪ್ಪ ಲೆಕ್ಕ ನೋಡಲು ಬಂದ. ಗುರುವಾರ ಸಂಜೆ ಗಲ್ಲಾ ಬರಿದು ಮಾಡಿ ಬ್ಯಾಂಕಿಗೆ ಕಟ್ಟುವುದು ವಾಡಿಕೆ. ಅದರ ಮೇಲೆ ಜೋಳದ ಖರ್ಚೂ ಅದೇ ದಿನಕ್ಕೆ ಬಿದ್ದು, ಪರದೆಯ ಮೇಲೆ ನಗದು ಸೊನ್ನೆಗಿಂತ ಕೆಳಗಿಳಿದಿತ್ತು. ಅದೂ ಪ್ರತಿ ಗುರುವಾರ.

“ಗಲ್ಲಾದಾಗ ಇಲ್ಲದ ರೊಕ್ಕ ಹೆಂಗ ಕೊಟ್ರಿ ವೈನಿ? ಇವ ಸುಳ್ಳ ಖರ್ಚು ಬರದು ಕಿಸೆ ತುಂಬ್ಕೊಂಡಾನ. ಊರೂರು ತಿರಗಾವನ ಕೈಯಾಗ ಲೆಕ್ಕ ಕೊಟ್ರ ಹಿಂಗ ಆಗೂದು.”

ಮೈಲಾರಿಯ ಕೈ ತಾನಾಗಿ ಮೂಲೆಯ ಚೀಲಕ್ಕೆ ಹೋಯಿತು. ಓಡಿದರೆ ಕಳ್ಳನೆಂಬ ಹೆಸರು ಬೆನ್ನಿಗೆ ಬರುತ್ತದೆ. ನಿಂತು ನಿಜ ಹೇಳಿದರೆ ಕಲಿಸಿದವಳ ಮಾನ ಹೋಗುತ್ತದೆ. ಚೀಲ ಬಿಟ್ಟ. ಬೈಗುಳ ತನ್ನ ಮೇಲೇ ಇರಲಿ ಎಂದು ಅಲ್ಲೇ ನಿಂತ.

ಹಂಚಿನ ಮುಂದಿದ್ದ ನೀಲಗಂಗವ್ವ ಕೈ ಒರೆಸಿಕೊಂಡು ಎದ್ದಳು.

“ಒತ್ತಿದ್ದು ಅವನ ಬೆರಳು. ತಾರೀಕು ಹೇಳಿದಾಕಿ ನಾನು. ಲಕ್ಷ್ಮಿ ಕಣ್ಣಿಗೆ ಮಣ್ಣು ಎರಚಾಕ ಹೋಗಿದ್ದೆ. ಬೈಯೂದಿದ್ರ ನನ್ನ ಬೈ, ವೀರಭದ್ರ.”

ರೊಟ್ಟಿ ಬಡಿಯುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. “ಲಕ್ಷ್ಮಿಗೇನು ಕಂಪ್ಯೂಟರ್ ನೋಡಾಕ ಬರೂದಿಲ್ಲನ ಅಕ್ಕಾರ?” ಎಂದಳು ಹಿಟ್ಟು ನಾದುತ್ತಿದ್ದ ಫಕೀರವ್ವ. ಎಲ್ಲರಿಗಿಂತ ಮೊದಲು ನಕ್ಕವಳು ನೀಲಗಂಗವ್ವನೇ. ವೀರಭದ್ರಪ್ಪ ಜೋಳದ ವ್ಯಾಪಾರಿಗೆ ಫೋನು ಹಚ್ಚಿ ಕೇಳಿದ. ಒಂದು ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ. ಮೈಲಾರಿಯ ಬೆನ್ನು ತಟ್ಟಿ, ನಾನು ಆಡಬಾರದ್ದು ಆಡಿದೆ ಅಂದ.

ತನಗಾಗಿ ಎದ್ದು ನಿಂತವರನ್ನು ಮೈಲಾರಿ ಅವತ್ತಿನವರೆಗೆ ಕಂಡಿರಲಿಲ್ಲ. ದಿನವೂ ಮಧ್ಯಾಹ್ನ ಕೂತು ತಾರೀಕುಗಳನ್ನೆಲ್ಲ ತಿದ್ದಿದ. ಪಕ್ಕದಲ್ಲಿ ಫಕೀರವ್ವನನ್ನು ಕೂರಿಸಿಕೊಂಡ. ಆಕೆ ತಪ್ಪಿದಾಗೆಲ್ಲ ಹೇಳುತ್ತಿದ್ದ, ಇನ್ನೊಮ್ಮೆ ಒತ್ತಬೇ ಅಕ್ಕಾ.

ಸಾಲ ಸಿಕ್ಕಿ ಯಂತ್ರ ಬಂತು. ಫಕೀರವ್ವನ ಕೈಗೆ ಲೆಕ್ಕ ಹತ್ತಿತು. ಮೈಲಾರಿಯ ಕಾಲು ಮತ್ತೆ ತುರಿಸಿತು. ಜೀವಮಾನದಲ್ಲಿ ಮೊದಲ ಸಲ, ಹೇಳಿ ಹೊರಟ. ನೀಲಗಂಗವ್ವ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿ, ಪಗಾರ ಎಣಿಸಿ ಕೈಗಿಟ್ಟಳು.

“ಇವತ್ತು ಶುಕ್ರವಾರ, ಅಕ್ಕಾರ.”

“ಗೊತ್ತೈತಿ. ಶುಕ್ರವಾರ ಅಂತನ ಬರಿ.”

ಬರೆದ. ಆಕೆಯ ಕಾಲಿಗೆ ನಮಸ್ಕಾರ ಮಾಡಿ, ಬುತ್ತಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಚೀಲದ ಬಾಯಿ ಕಟ್ಟತೊಡಗಿದ.

ನೀತಿ: ನಡೆದದ್ದನ್ನು ನಡೆದ ದಿನಕ್ಕೇ ಬರೆಯಬೇಕು. ನಮ್ಮನ್ನು ನಂಬಿ ಕಲಿಸಿದವರ ಋಣವನ್ನು, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ ತೀರಿಸಬೇಕು.