ಅರ್ಧ ಮುಖದ ಕನ್ನಡಿ

“ಗುರುಗಳೇ, ಅರ್ಧ ಪಾಠಕ್ಕೆ ನೀವು ನಿಲ್ಲಿಸಿದರೆ ಉಳಿದರ್ಧವನ್ನು ನಮಗೆ ಯಾರು ತುಂಬಿಕೊಡಬೇಕು?”

ಕೇಳಿದವನು ಚೆನ್ನಮಲ್ಲ. ಶಿಷ್ಯರಲ್ಲಿ ಹಿರಿಯ, ಮಾತಿನಲ್ಲಿ ಸ್ವಲ್ಪ ಬಿರುಸು. ಗುರುಗಳಿಗೆ ಎಂಬತ್ತು ದಾಟಿತ್ತು. ಉಸಿರು ಸಾಲುತ್ತಿಲ್ಲ, ಬರುವ ಹುಣ್ಣಿಮೆಗೆ ಪಾಠ ನಿಲ್ಲಿಸುತ್ತೇನೆ ಎಂದು ಅವರು ಅಂದು ಬೆಳಿಗ್ಗೆ ಹೇಳಿದ್ದರು. ಪಾಠ ನಡೆಯುತ್ತಿದ್ದ ಗ್ರಂಥದಲ್ಲಿ ಇನ್ನೂ ಅರ್ಧ ಹಾಗೆಯೇ ಇತ್ತು. ಅದರ ಅರ್ಥವನ್ನು ಬರೆಸಿಯಾದರೂ ಕೊಡಿ, ನಾವು ತಪ್ಪು ತಿಳಿದುಕೊಂಡರೆ ಗತಿಯೇನು ಎಂಬುದು ಚೆನ್ನಮಲ್ಲನ ಅಳಲು. ಅವನು ನಿಜವಾಗಿಯೂ ಹೆದರಿದ್ದ.

ಗುರುಗಳು ಗದರಲಿಲ್ಲ. ಕೂತುಕೊ, ಒಂದು ಕತೆ ಹೇಳುತ್ತೇನೆ, ಇದು ಪುರಾಣದ್ದಲ್ಲ, ಕರೆಂಟು ಹೋದರೆ ನಿಂತುಹೋಗುವ ಕತೆ ಎಂದು ನಕ್ಕು, ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕನ್ನಡಿ ಕೆತ್ತುವವನಿದ್ದ. ಹೆಸರು ಬೇಡ. ಹೇಳಿದರೆ ನಾಳೆ ನೀವೆಲ್ಲ ಒಂದೊಂದು ಫೋಟೊ ಹಿಡಿದುಕೊಂಡು ಅವನ ಅಂಗಡಿಗೆ ಹೋಗುತ್ತೀರಿ. ಅವನಲ್ಲಿ ಲೇಸರ್ ಯಂತ್ರವಿತ್ತು. ಜನ ತಂದ ಫೋಟೊವನ್ನು ಗಾಜಿನ ಮೇಲೆ, ಕನ್ನಡಿಯ ಮೇಲೆ ಮೂಡಿಸಿಕೊಡುವುದು ಅವನ ಕಸುಬು.

ಯಂತ್ರದ ಕೆಲಸ ಅರ್ಧ ಗಂಟೆಯದು. ಹೇಳಿದ ಕಡೆ ಸುಡುತ್ತದೆ, ಹೇಳದ ಕಡೆ ಬಿಡುತ್ತದೆ. ಅದಕ್ಕೆ ಅವ್ವನೂ ಒಂದೇ, ಅತ್ತೆಯೂ ಒಂದೇ. ನಿಜವಾದ ಕೆಲಸವೆಲ್ಲ ಅದಕ್ಕೆ ಮುಂಚಿನದು. ಫೋಟೊದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಬೇಕು. ಹಿಂದಿನ ಗೋಡೆ, ಗಿಡ, ಪಕ್ಕದವರ ತೋಳು ಎಲ್ಲ ಅಳಿಸಬೇಕು. ಮುಖವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯಬೇಕು. ಕನ್ನಡಿಯನ್ನು ಕೆತ್ತುವುದು ಬೆನ್ನಿನ ಕಡೆಯಿಂದ, ಆದ್ದರಿಂದ ಚಿತ್ರವನ್ನು ಎಡಬಲ ತಿರುಗಿಸಿಕೊಳ್ಳಬೇಕು. ಲೇಸರ್ ಬೆಳಕು ಬಿದ್ದ ಕಡೆ ಬೆನ್ನಿನ ಲೇಪ ಸುಟ್ಟುಹೋಗುತ್ತದೆ. ಅಲ್ಲಿಗೆ ಬಿಳಿ ಬಣ್ಣ ಬಳಿದರೆ ಮುಂದೆ ಮುಖ ಮೂಡುತ್ತದೆ. ಸುಡದೆ ಬಿಟ್ಟ ಜಾಗ ಕನ್ನಡಿಯಾಗಿಯೇ ಉಳಿಯುತ್ತದೆ. ಮುಖದ ಅಳತೆ ಯಾವಾಗಲೂ ಅರ್ಧ ಗೇಣು. ಕನ್ನಡಿಯ ಮೇಲೆ ನಮ್ಮ ಮುಖ ಬೀಳುವುದೂ ಅಷ್ಟೇ. ನಂಬಿಕೆಯಿಲ್ಲದಿದ್ದರೆ ಮನೆಗೆ ಹೋಗಿ ಕನ್ನಡಿಯ ಮೇಲೆ ಗೇಣು ಹಾಕಿ ನೋಡಿ.

ಈ ಕೆಲಸದಲ್ಲಿ ಅವನದು ಎತ್ತಿದ ಕೈ. ಅದರಲ್ಲೂ ಹಾಳಾದ ಫೋಟೊ ಎಂದರೆ ಅವನಿಗೆ ಹಬ್ಬ. ಗೆದ್ದಲು ತಿಂದದ್ದು, ಮಳೆನೀರು ಕುಡಿದದ್ದು, ಮಡಚಿ ಮಡಚಿ ಹರಿದದ್ದು ಯಾವುದಾದರೂ ಸರಿ, ಈ ಕಿವಿಯನ್ನು ತಿರುಗಿಸಿ ಆ ಕಿವಿ ಮಾಡುತ್ತಿದ್ದ, ಯಾರದೋ ಭುಜ ತಂದು ಯಾರಿಗೋ ಹಚ್ಚುತ್ತಿದ್ದ. ತನ್ನ ಅಂಗಡಿಯಿಂದ ಅರೆಬರೆ ಕೆಲಸ ಹೊರಗೆ ಹೋಗಿಲ್ಲ ಎಂಬ ಜಂಬ ಅವನಿಗಿತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟು ಜಂಬ ಇದ್ದರೆ ತಪ್ಪೇನಿಲ್ಲ.

ಒಂದು ದಿನ ಒಬ್ಬಳು ಹೊಲಿಗೆಯವಳು ಒಂದು ಫೋಟೊ ತಂದಳು. ಊರ ಶಾಲೆಯ ಕಟ್ಟಡ ತೆರೆದ ದಿನ ಹಿಡಿದ ಗುಂಪಿನ ಚಿತ್ರ. ಕೊನೆಯ ಸಾಲಿನಲ್ಲಿ ಅವಳ ತಾಯಿ ನಿಂತಿದ್ದಳು. ಮುಂದಿದ್ದ ಹೆಂಗಸು ಬಿಸಿಲಿಗೆಂದು ಕೈ ಅಡ್ಡ ಹಿಡಿದಿದ್ದರಿಂದ ಆ ತಾಯಿಯ ಒಂದು ಪಕ್ಕದ ಅರ್ಧ ಮುಖ ಮರೆಯಾಗಿತ್ತು. ತಾಯಿ ಸತ್ತಾಗ ಈ ಹೊಲಿಗೆಯವಳು ಹನ್ನೊಂದು ತಿಂಗಳ ಕೂಸು. ಮನೆಯಲ್ಲಿ ಬೇರೆ ಫೋಟೊ ಇಲ್ಲ. ತಾಯಿಯ ಮುಖ ನೆನಪಿದ್ದವಳು ದೊಡ್ಡವ್ವ ಒಬ್ಬಳೇ, ಅಂದರೆ ತಾಯಿಯ ಅಕ್ಕ. ಅವಳನ್ನು ಕೇಳಿದರೆ, ನಿಮ್ಮವ್ವ ನಿಮ್ಮವ್ವನ ಹಾಗಿದ್ದಳು ಎನ್ನುತ್ತಿದ್ದಳೇ ಹೊರತು ಮುಂದಕ್ಕೆ ಮಾತು ಬರುತ್ತಿರಲಿಲ್ಲ.

“ಅಣ್ಣ, ನಮ್ಮವ್ವನ ಮುಖ ನಾನು ನೋಡಿಲ್ಲ. ಒಂದು ಸಲ ಪೂರ್ತಿ ನೋಡಬೇಕು” ಎಂದಳು ಹೊಲಿಗೆಯವಳು. ಗೋಡೆಯ ಪಟವಾದರೆ ಹಬ್ಬಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ, ಕನ್ನಡಿಯನ್ನಾದರೆ ದಿನಾ ನೋಡುತ್ತೇನೆ, ಅದಕ್ಕೇ ಕನ್ನಡಿಯ ಮೇಲೆ ಬೇಕು ಎಂದೂ ಹೇಳಿದಳು.

ಅದೇನು ಮಹಾ ಕೆಲಸ ತಂಗಿ ಎಂದು ಅವನು ಕೈ ಹಾಕಿದ. ಕಾಣುವ ಅರ್ಧವನ್ನು ತಿರುಗಿಸಿ, ಕಾಣದ ಅರ್ಧಕ್ಕೆ ಜೋಡಿಸಿದ. ಮೂಗಿನ ಮೇಲಿನ ಗೆರೆ ಒರೆಸಿದ. ಮುಖ ಚಂದ್ರನಂತೆ ದುಂಡಗಾಗಿ ಬಂತು. ಹೊಲಿಗೆಯವಳು ಅದನ್ನು ಎದೆಗವಚಿಕೊಂಡು ಮನೆಗೆ ಹೋದಳು. ದೊಡ್ಡವ್ವ ಕನ್ನಡಿಯನ್ನು ಬಹಳ ಹೊತ್ತು ನೋಡಿ, ಯಾರವ್ವ ಇವಳು, ಚೆನ್ನಾಗಿದ್ದಾಳೆ ಎಂದುಬಿಟ್ಟಳು.

ಮರುದಿನ ಹೊಲಿಗೆಯವಳು ಕನ್ನಡಿ ತಿರುಗಿ ತಂದಳು. ಜಗಳವಾಡಲಿಲ್ಲ, ನಡೆದದ್ದನ್ನು ಹೇಳಿ ನಿಂತಳು. ಅವನಿಗೆ ಸಿಟ್ಟು ಬಂತು. ಫೋಟೊ ಸರಿಯಿಲ್ಲ, ಮುದುಕಿಯ ಕಣ್ಣು ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು. ಆದರೂ ಬಿಡಲಿಲ್ಲ. ಅದೇ ಗುಂಪಿನಲ್ಲಿದ್ದ ಇಬ್ಬರು ಮೂವರು ಹೆಂಗಸರ ಕೆನ್ನೆ, ಹುಬ್ಬು ತಂದು ಹೊಂದಿಸಿ ಎರಡನೆಯ ಕನ್ನಡಿ ಮಾಡಿದ. ಇದು ಮೊದಲಿನದಕ್ಕಿಂತ ಮನುಷ್ಯರ ಮುಖದಂತಿತ್ತು. ದೊಡ್ಡವ್ವ ಅದನ್ನೂ ನೋಡಿ, ಇವಳು ಇನ್ಯಾರದೋ ತಾಯಿ ಇರಬೇಕು, ಪಾಪ, ಅವರಿಗೆ ಕೊಟ್ಟುಬಿಡು ಎಂದಳು.

ಈ ಸಲ ಕನ್ನಡಿ ತಿರುಗಿ ತಂದಾಗ ಹೊಲಿಗೆಯವಳ ಕಣ್ಣಲ್ಲಿ ನೀರಿತ್ತು. ಇನ್ನು ನನ್ನ ಹಣೆಯಲ್ಲಿ ಆ ಮುಖ ಬರೆದಿಲ್ಲ ಎಂದುಕೊಳ್ಳುತ್ತೇನೆ ಎಂದಳು. ಅವನಿಗೆ ತನ್ನ ಕೈಚಳಕದ ಬಗ್ಗೆಯೇ ನಾಚಿಕೆಯಾಯಿತು. ಇವಳಿಗೆ ಇದ್ದದ್ದೇ ಅರ್ಧ ತಾಯಿ, ಅದನ್ನೂ ನಾನು ಕಲಬೆರಕೆ ಮಾಡಿದೆ ಎಂದು ಅವನಿಗೆ ಹೊಳೆಯಿತು. ಇನ್ನೊಂದು ವಾರ ಕೊಡು ತಂಗಿ ಎಂದು ಕಳಿಸಿದ.

ಆ ವಾರ ಅವನು ಸೇರಿಸಿದ್ದನ್ನೆಲ್ಲ ಅಳಿಸಿದ. ತಂದು ಹಚ್ಚಿದ ಕೆನ್ನೆ, ಹುಬ್ಬು, ತಿರುಗಿಸಿ ಕೂರಿಸಿದ ಕಣ್ಣು, ಒಂದನ್ನೂ ಬಿಡಲಿಲ್ಲ. ಅಡ್ಡ ಬಂದಿದ್ದ ಆ ಹೆಂಗಸಿನ ಕೈಯನ್ನೂ ತೆಗೆದ. ಫೋಟೊದಲ್ಲಿ ನಿಜವಾಗಿ ಇದ್ದ ಅರ್ಧ ಮುಖವನ್ನು ಮಾತ್ರ ಚುಕ್ಕೆ ಚುಕ್ಕೆಯಾಗಿ ಸಿದ್ಧಮಾಡಿದ. ಉಳಿದ ಕಡೆ ಯಂತ್ರಕ್ಕೆ ಏನೂ ಹೇಳಲಿಲ್ಲ. ಅಂಗಡಿ ಇಟ್ಟ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅರೆಬರೆ ಕೆಲಸ ಅವನ ಅಂಗಡಿಯಿಂದ ಹೊರಡುವುದಿತ್ತು. ಬೇರೆ ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಅದನ್ನು ಪೇಪರಿನಲ್ಲಿ ಸುತ್ತಿಟ್ಟ.

ಹೊಲಿಗೆಯವಳು ಬಂದಳು. ತಂಗಿ, ಗೊತ್ತಿದ್ದಷ್ಟನ್ನು ಮಾತ್ರ ಹಾಕಿದ್ದೇನೆ, ಬೇಡವೆಂದರೆ ಬೇಜಾರಿಲ್ಲ ಎಂದು ಅವನು ಮೊದಲೇ ಹೇಳಿಬಿಟ್ಟ. ಅವಳು ಪೇಪರ್ ಬಿಚ್ಚಿ ಕನ್ನಡಿಯನ್ನು ಮುಖದ ಎದುರು ಹಿಡಿದಳು. ಅವನು ಬೇಕೆಂದೇ ಮೇಜು ಒರೆಸುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ ಅವಳು ಕತ್ತನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು, ಇನ್ನೊಂದಿಷ್ಟು ಸರಿಸಿದಳು, ಆಮೇಲೆ ಅಲುಗಾಡದೆ ನಿಂತಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತುಟಿ ನಗುತ್ತಿತ್ತು.

ಅವನಿಗೆ ಏನೂ ತಿಳಿಯಲಿಲ್ಲ. ಎಲ್ಲಿ, ಕೊಡು ಎಂದು ಕನ್ನಡಿ ಇಸಿದುಕೊಂಡು ತಾನೂ ಅವಳಂತೆ ಹಿಡಿದ. ಆ ತಾಯಿಯ ಅರ್ಧ ಮುಖಕ್ಕೆ ಇವನ ಅರ್ಧ ಮುಖ ಮೀಸೆಯ ಸಮೇತ ಬಂದು ಕೂತಿತು. ಛೆ ಎಂದು ಕನ್ನಡಿಯನ್ನು ಅವಳ ಕೈಗೆ ಕೊಟ್ಟ. ಆಗ ಅವನಿಗೆ ಅರ್ಥವಾಯಿತು. ತಾನು ಮುಟ್ಟದೆ ಬಿಟ್ಟ ಜಾಗದಲ್ಲಿ ಹಡೆದವಳ ಮುಖಕ್ಕೆ ಮಗಳ ಮುಖ ಸೇರಿಕೊಂಡಿತ್ತು. ಆ ತಾಯಿ ಫೋಟೊಗೆ ನಿಂತಾಗ ಇದ್ದ ವಯಸ್ಸೇ ಈಗ ಮಗಳಿಗೂ ಆಗಿತ್ತು.

ಅಂದು ಸಂಜೆ ಅವಳು ಕನ್ನಡಿಯನ್ನು ದೊಡ್ಡವ್ವನ ಮುಂದೆ ಇಟ್ಟಳು. ದೊಡ್ಡವ್ವ ಈ ಸಲ ಯಾರು ಎಂದು ಕೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಕನ್ನಡಿಗೆ ಮುಖ ಕೊಟ್ಟು ಕೂತಳು. ತಂಗಿಯ ಅರ್ಧ, ಅಕ್ಕನ ಅರ್ಧ.

“ಬಂದೆಯೇನೇ?” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿ, ಉಸಿರು ಸುಧಾರಿಸಿಕೊಂಡರು. ಯಾರೋ ನೀರು ತಂದುಕೊಟ್ಟರು, ಎರಡು ಗುಟುಕು ಕುಡಿದರು. ಚೆನ್ನಮಲ್ಲ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದ. ಕತೆ ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲವಲ್ಲ ಎಂದು ಮೆಲ್ಲಗೆ ಅಂದ. ಗುರುಗಳು ಎದುರಿಗಿದ್ದ ಗ್ರಂಥವನ್ನು ಮುಚ್ಚಿ ಅವನ ತೊಡೆಯ ಮೇಲಿಟ್ಟರು.

“ಉಳಿದರ್ಧವನ್ನೂ ನಾನೇ ಹೇಳಿಬಿಟ್ಟರೆ, ನೀನು ಮುಖ ಇಡುವುದು ಎಲ್ಲಿ ಚೆನ್ನಮಲ್ಲ?”

ಚೆನ್ನಮಲ್ಲ ಗ್ರಂಥವನ್ನು ತೆರೆದು, ಪಾಠ ನಿಂತಿದ್ದ ಕಡೆಯಿಂದ ತಾನೇ ಓದತೊಡಗಿದ.