ತೊಂಬತ್ತೊಂಬತ್ತು ಎಮ್ಮೆಗಳ ಹೆಪ್ಪು

ಎಲ್ಲರೂ ಕೂತಿರೇನು? ಆ ಬಾಗಿಲ ಹತ್ತಿರದವರು ಸ್ವಲ್ಪ ಒಳಗೆ ಬನ್ನಿ. ಕತೆ ಹೇಳುವಾಗ ಯಾರಾದರೂ ಎದ್ದು ಹೋದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಕತೆ ಮರೆತುಹೋಗುತ್ತದೆ. ಮರೆತರೆ ನಷ್ಟ ನಿಮಗೇ.

ಗುಳೇದಗುಡ್ಡದಲ್ಲಿ ಬಸಲಿಂಗವ್ವ ಅಂತ ಒಬ್ಬಳು, ಕುಪ್ಪಸ ಹೊಲಿಯುವವಳು. ಅವಳಿಗೆ ಒಬ್ಬನೇ ಮಗ, ಕಲ್ಮೇಶಿ. ವಯಸ್ಸು ಇಪ್ಪತ್ತಾರು, ಎತ್ತರ ಆರಡಿ, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಅವ್ವನ ಮಾತು ಮೀರುವ ಮಗನಲ್ಲ, ಅದೇ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಬಾಗಲಾ ನೋಡ್ಕೋತ ಕೂಡು" ಅಂದರೆ ಬಾಗಿಲನ್ನೇ ನೋಡುತ್ತ ಕೂಡುವನು. ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಬಾಯಿ ಒರೆಸಿಕೊಂಡು ಹೋದರೂ ಕತ್ತು ತಿರುಗಿಸುತ್ತಿರಲಿಲ್ಲ.

"ದೇವರೇ, ಇವಗ ಎರಡು ಕಿವಿ ಕೊಟ್ಟಿ, ನಡುವ ಒಂದೀಟು ಏನರ ಇಡೂದು ಮರತ್ಯಲ್ಲೋ!" ಅಂತ ಬಸಲಿಂಗವ್ವ ದಿನಾ ಹಣೆ ಬಡಿದುಕೊಳ್ಳುವಳು.

ಅವರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅವಳ ಗಂಡ ಈಶ್ವರಪ್ಪ ತಂದದ್ದು. ಅದರಲ್ಲಿ ಒಂದೇ ಆಟ, ಎಮ್ಮೆ ಆಟ. ನಮ್ಮ ಕಡೆಯವರೇ ಯಾರೋ ಮಾಡಿದ್ದು, ಕನ್ನಡದಲ್ಲೇ ಕೇಳುತ್ತಿತ್ತು. ಒಂದು ಎಮ್ಮೆಯಿಂದ ಶುರು ಮಾಡಬೇಕು, ಮೇವು ಹಾಕಬೇಕು, ಮೈ ತೊಳೆಯಬೇಕು, ಹಿಂಡಬೇಕು, ನೂರು ಎಮ್ಮೆ ಮಾಡಬೇಕು. ನೂರಾದರೆ ಗಂಟೆ ಬಾರಿಸುತ್ತದಂತೆ. ಗಂಡ ಹೆಂಡತಿ ಸಂಜೆ ಸಂಜೆ ಕೂತು ಎಮ್ಮೆ ಸಾಕಿದರು. ಒಂದೊಂದಕ್ಕೂ ಹೆಸರಿಟ್ಟರು. "ಗಂಟಿ ಬಾರಿಸಿದ ದಿನ ಓಣಿಗೆಲ್ಲಾ ಗಿಣ್ಣ ಹಂಚೂಣು ಬಸಲಿಂಗಿ" ಅಂದಿದ್ದ ಈಶ್ವರಪ್ಪ. ಎಂಬತ್ತೇಳನೆಯ ಎಮ್ಮೆಗೆ ಹೆಸರಿಟ್ಟ ವಾರದಲ್ಲಿ ಎದೆನೋವು ಬಂದು ಹೋಗಿಬಿಟ್ಟ. ಆಮೇಲೆ ಅವಳೊಬ್ಬಳೇ ಸಾಕಿದಳು, ತೊಂಬತ್ತೊಂಬತ್ತು ಮಾಡಿದಳು. ಈಗ ಚಂದ್ರಿ ಅನ್ನುವ ಎಮ್ಮೆ ಗಬ್ಬ ಇತ್ತು. ಚಂದ್ರಿ ಈದರೆ ನೂರು.

ಅಂಥ ಹೊತ್ತಿಗೆ ಕಂಪ್ಯೂಟರ್ ಕೆಟ್ಟು ಕೂತಿತು. ಒಂದು ಎಮ್ಮೆ ತಲೆ ಎತ್ತಬೇಕಾದರೆ ಅರ್ಧ ಗಂಟೆ! ಬಸಲಿಂಗವ್ವ ಆಚೆ ಓಣಿಯ ರುಬೀನಾಳನ್ನು ಕರೆಸಿದಳು. ಕಂಪ್ಯೂಟರ್ ರಿಪೇರಿಯಲ್ಲಿ ಊರಿಗೇ ಗಟ್ಟಿಗಿತ್ತಿ ಅವಳು. ನೋಡಿದವಳೇ ಅಂದಳು:

"ಅತ್ತಿ, ಇದರ ಹೊಟ್ಟಿ ಪೂರಾ ತೊಳೀಬೇಕು. ಎಲ್ಲಾ ಅಳಸಿ ಹೊಸದಾಗಿ ಹಾಕಬೇಕು."

"ನನ್ನ ಎಮ್ಮಿ?"

"ಆಟ ಸೀಡಿಯಾಗ ಐತಿ, ಅದನ್ನ ಮತ್ತ ಹಾಕಬಹುದು. ನಿಮ್ಮ ಎಮ್ಮಿ ಮಾತ್ರ ಸೀಡಿಯಾಗ ಇಲ್ಲ. ಅದಕ್ಕ ಮೊದಲ ಅವನ್ನ ಈ ಪೆನ್ ಡ್ರೈವಿಗೆ ತಕ್ಕೋತೀನಿ. ಮೊಸರು ತೀರಿದ್ರೂ ಒಂದು ಚಮಚ ಹೆಪ್ಪು ಇಟ್ಕೋತೀರಲ್ಲ, ಹಂಗ."

ಹೆಬ್ಬೆರಳಿನಷ್ಟು ಪೆನ್ ಡ್ರೈವಿನಲ್ಲಿ ತೊಂಬತ್ತೊಂಬತ್ತು ಎಮ್ಮೆ ತುಂಬಿ ಕೊಟ್ಟು, ಕಂಪ್ಯೂಟರಿನ ಡಬ್ಬಿಯನ್ನು ಎತ್ತಿಕೊಂಡು ಅಂಗಡಿಗೆ ಹೋದಳು. ಬಸಲಿಂಗವ್ವನ ಕಾಲು ಉಳುಕಿತ್ತು, ಎದ್ದು ಓಡಾಡುವ ಹಾಗಿರಲಿಲ್ಲ. ಮಗನ ಕೈಗೆ ಕೊಟ್ಟಳು.

"ಲೇ ಕಲ್ಮೇಶಿ, ಹೆಪ್ಪು ಇಡೋ ಹಂಗ ಜ್ವಾಕಿಲೆ ಇಡು. ನಿಮ್ಮಪ್ಪನ ಎಮ್ಮಿ ಅವು!"

"ಹೂಂ ಅವ್ವ, ಹಂಗs ಮಾಡ್ತೀನಿ."

ಅವ್ವನ ಮಾತು ಅವನ ತಲೆಯಲ್ಲಿ ಕೂತಿತು. ಕೂತದ್ದು ಏಳಲಿಲ್ಲ. ಹಾಲು ಕಾಯಿಸಿದ, ಆರಿಸಿದ, ಬೆರಳು ಅದ್ದಿ ನೋಡಿದ, ಹದ ಬಂದ ಮೇಲೆ ಪೆನ್ ಡ್ರೈವನ್ನು ಹಾಲಿಗೆ ಹಾಕಿ, ಮುಚ್ಚಿ, ಒಲೆಯ ಪಕ್ಕ ಬೆಚ್ಚಗೆ ಇಟ್ಟ.

ಬೆಳಗ್ಗೆ ಮುಚ್ಚಳ ತೆಗೆದು ಕೂಗಿದ: "ಅವ್ವ! ಎಮ್ಮಿ ಇನ್ನೂ ಹೆಪ್ಪುಗಟ್ಟಿಲ್ಲ! ಮತ್ತೊಂದೀಟು ಹೊತ್ತು ಬೇಕು!"

ಬಸಲಿಂಗವ್ವ ಕುಂಟುತ್ತ ಬಂದು ನೋಡಿದಳು. ಒಡೆದ ಹಾಲಿನಲ್ಲಿ ತೊಂಬತ್ತೊಂಬತ್ತು ಎಮ್ಮೆ ಮುಳುಗಿ ಕೂತಿದ್ದವು.

"ಅಯ್ಯ ನನ್ನ ಹಣೇಬರಾ! ಕಂಪ್ಯೂಟರಿನ ಸಾಮಾನಿಗೆ ಹಸಿ ಆಗಂಗಿಲ್ಲಲೇ! ಮಾಳಿಗಿ ಮ್ಯಾಲೆ ಅರಿವಿ ಹಾಸಿ ಬಿಸಲಿಗೆ ಇಡಬೇಕು, ಕಾಗಿ ಕಾಯಬೇಕು! ತಿಳೀತಾ?"

"ಹೂಂ ಅವ್ವ, ಇನ್ನ ಹಂಗs ಮಾಡ್ತೀನಿ."

ಪೆನ್ ಡ್ರೈವ್ ಒಣಗಿತು. ರುಬೀನಾ ತನ್ನ ಅಂಗಡಿಯಲ್ಲಿ ಹಾಕಿ ನೋಡಿ, "ಎಮ್ಮಿ ಗಟ್ಟಿ ಅದಾವ, ಬದುಕ್ಯಾವ" ಅಂತ ವಾಪಸ್ ಕಳಿಸಿದಳು. ಬಸಲಿಂಗವ್ವನಿಗೆ ಹೋದ ಜೀವ ಬಂದಿತು.

"ಕಲ್ಮೇಶಿ, ಇನ್ನ ಆ ಆಟದ ಸೀಡಿ ಕಪಾಟಿನಾಗ ಐತಿ. ತಗದು ತಯಾರು ಇಡು. ನಾಡದು ರುಬೀನಾ ಬರ್ತಾಳ."

ಸೀಡಿ ಅಂದರೆ ಕಂಪ್ಯೂಟರಿನ ಸಾಮಾನು ತಾನೇ? ಮಾಳಿಗೆಗೆ ಹೋದ, ಅರಿವೆ ಹಾಸಿದ, ಸಂಡಿಗೆಯ ಪಕ್ಕ ಸೀಡಿ ಇಟ್ಟ, ಕೋಲು ಹಿಡಿದು ಕಾಗೆ ಕಾಯುತ್ತ ಕೂತ. ವೈಶಾಖದ ಬಿಸಿಲು, ಗುಳೇದಗುಡ್ಡದ ಕಲ್ಲು ಮಾಳಿಗೆ. ಎರಡು ದಿನ ಕೂತ! ತಾನೂ ಕರ್ರಗಾದ. ಸೀಡಿ ಹಪ್ಪಳದ ಹಾಗೆ ಸೊಟ್ಟಗಾಯಿತು.

"ಅವ್ವ, ಇದು ಭಾಳ ಚಲೋ ಸಾಮಾನ ಐತಿ! ಹೊಳಪಿಗೆ ಹೆದರಿ ಒಂದು ಕಾಗಿನೂ ಬರಲಿಲ್ಲ! ಸಂಡಿಗಿ ಎಲ್ಲಾ ಉಳದಾವ!"

"ಸಂಡಿಗಿ ಉಳೀತೋ, ಆಟ ಹೋತಲ್ಲೋ!" ಅಂದಳು ಬಸಲಿಂಗವ್ವ. ಸೊಟ್ಟ ಸೀಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಒತ್ತಿ ನೆಟ್ಟಗೆ ಮಾಡಲು ನೋಡಿದಳು. ಅದು ಟಕ್ ಅಂತ ಎರಡಾಯಿತು. "ಇಂಥವನ್ನ ಬಿಸಲಿಗೆ ಇಡಂಗಿಲ್ಲಲೇ! ಅರಿವಿ ಸುತ್ತಿ, ಟ್ರಂಕಿನಾಗ ಹಾಕಿ, ಕೀಲಿ ಜಡೀಬೇಕು! ತಿಳೀತಾ?"

"ಹೂಂ ಅವ್ವ, ಇನ್ನ ಹಂಗs ಮಾಡ್ತೀನಿ."

ಈಗ ಸೀಡಿ ಎಲ್ಲಿಂದ ತರಬೇಕು? ಹೆಪ್ಪು ಕೆಟ್ಟರೆ ನಾವೇನು ಮಾಡುತ್ತೇವೆ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಪಕ್ಕದ ನೀಲವ್ವನ ಮನೆಯಲ್ಲೂ ಈ ಆಟ ಇತ್ತು. ಅವಳ ಬಟ್ಟಲೊಂದು ಇವರ ಮನೆಯಲ್ಲೇ ಇತ್ತು, ಶೇಂಗಾ ಚಟ್ನಿ ಕೊಟ್ಟು ಕಳಿಸಿದ್ದು. "ಬಟ್ಟಲಾ ಕೊಟ್ಟು ಸೀಡಿ ಇಸಗೊಂಡು ಬಾ" ಅಂದಳು ತಾಯಿ. ಅವನು ಖಾಲಿ ಬಟ್ಟಲು ಕೊಟ್ಟು ಸೀಡಿ ತಂದ.

ನೀಲವ್ವ ಸುಮ್ಮನಿರುವವಳೇ? ಗೋಡೆಯ ಆಚೆಯಿಂದ ಕೂಗಿದಳು: "ಬಸಲಿಂಗವ್ವ, ಬಟ್ಟಲಾ ಭಾಳ ಹಗೂರ ಬಂತಲ್ಲಬೇ!"

ಬಸಲಿಂಗವ್ವನಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕು ಅನ್ನಿಸಿತು. "ಲೇ ಮಬ್ಬ! ಮಂದಿ ಬಟ್ಟಲಾ ಖಾಲಿ ಕೊಡ್ತಾರೇನಲೇ? ನೀಲವ್ವನ ಮನೀಗೆ ಏನು ತಿರುಗಿ ಕೊಟ್ರೂ ಖಾಲಿ ಕೊಡಬ್ಯಾಡ. ಒಳಗ ಏನರ ಇಟ್ಟು ಕೊಡು, ಕೈಗೆ ಸಿಕ್ಕಿದ್ದು!"

"ಹೂಂ ಅವ್ವ, ಇನ್ನ ಹಂಗs ಮಾಡ್ತೀನಿ."

ಸೀಡಿಗೆ ಅರಿವೆ ಸುತ್ತಿ, ಟ್ರಂಕಿನಲ್ಲಿ ಹಾಕಿ, ಕೀಲಿ ಜಡಿದ. ಇದೊಂದು ಸರಿ ಮಾಡಿದ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಸರಿ ಮಾಡಿದ್ದರಲ್ಲಿ ಕತೆ ಇಲ್ಲ, ಮುಂದೆ ಹೋಗೋಣ.

ಮರುದಿನ ರುಬೀನಾ ಹೇಳಿ ಕಳಿಸಿದಳು: "ಕಂಪ್ಯೂಟರಿನ ಡಬ್ಬಿ ತೊಳದು ತಯಾರು ಆಗೇತಿ. ಒಯ್ದು ವೈರು ಜೋಡಿಸಿ ಚಾಲೂ ಮಾಡಿರ್ರಿ, ಬರ್ತೀನಿ."

ಕಲ್ಮೇಶಿ ಹೆಗಲ ಮೇಲೆ ಡಬ್ಬಿ ಹೊತ್ತು ತಂದ. ಅದಕ್ಕೆ ಅಪ್ಪನ ಕಂಬಳಿ ಸುತ್ತಿದ, ಜಾಗ ಸಾಲದೆ ಸೀಡಿಯನ್ನು ಮೇಜಿನ ಮೇಲೆ ತೆಗೆದಿಟ್ಟು ಟ್ರಂಕಿನಲ್ಲಿ ಇಳಿಸಿದ, ವೈರುಗಳನ್ನು ಸಂದಿಯಿಂದ ಹೊರಗೆ ಎಳೆದು ಕೀಲಿ ಜಡಿದ. ಆಮೇಲೆ ಸ್ವಿಚ್ ಹಾಕಿದ!

ರುಬೀನಾ ಬರುವ ಹೊತ್ತಿಗೆ ಟ್ರಂಕು ರೊಟ್ಟಿ ಸುಡುವಷ್ಟು ಕಾದಿತ್ತು. ಒಳಗಿಂದ ಕಂಬಳಿಯ ವಾಸನೆ ಬರುತ್ತಿತ್ತು. ಕಂಪ್ಯೂಟರ್ ಉಸಿರು ಕಟ್ಟಿ ತಾನೇ ಆರಿಹೋಗಿತ್ತು.

"ಯವ್ವಾ! ಇದಕ್ಕ ಗಾಳಿ ಬೇಕೋ ಅಣ್ಣಾ! ಬಿಚ್ಚಿ ಇಡು, ಗಾಳಿ ಆಡಲಿ!" ಅಂದಳು ರುಬೀನಾ.

"ಸ್ವಂತ ತಲಿ ಓಡಸಬ್ಯಾಡಲೇ ನೀ!" ಅಂದಳು ತಾಯಿ. "ರುಬೀನಾ ಏನು ಹೇಳ್ತಾಳ ಅಷ್ಟs ಮಾಡು!"

"ಹೂಂ ಅವ್ವ, ಇನ್ನ ಹಂಗs ಮಾಡ್ತೀನಿ."

ಕಂಪ್ಯೂಟರ್ ತಣ್ಣಗಾಯಿತು. ಪುಣ್ಯ, ಕೆಟ್ಟಿರಲಿಲ್ಲ. ರುಬೀನಾ ಸೀಡಿಯಿಂದ ಆಟ ಹಾಕಿದಳು, ಪೆನ್ ಡ್ರೈವಿನಿಂದ ಎಮ್ಮೆಗಳನ್ನು ಇಳಿಸಿದಳು. ನೋಡುತ್ತಾರೆ, ತೊಂಬತ್ತೊಂಬತ್ತೂ ನಿಂತಿವೆ! ಚಂದ್ರಿ ಹೊಟ್ಟೆ ಹೊತ್ತು ಮೂಲೆಯಲ್ಲಿ ಮಲಗಿದೆ. ಬಸಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ರುಬೀನಾಳಿಗೆ ಅಂಗಡಿಯಿಂದ ಕರೆ ಬಂತು. "ಇನ್ನೂ ಒಂದೆರಡು ಸಣ್ಣ ಸಾಮಾನು ತಾನs ಹಾಕ್ಕೋತೈತಿ. ನಡುನಡುವ ಕೇಳ್ತೈತಿ. ಏನು ಕೇಳಿದ್ರೂ 'ಹೌದು' ಅಂತ ಒತ್ತು" ಅಂತ ಹೇಳಿ ಹೋದಳು. ಬಸಲಿಂಗವ್ವನಿಗೆ ಹೊರಗೆ ಕುಪ್ಪಸದ ಅಳತೆ ಕೊಡುವವರು ಬಂದು ಕೂತಿದ್ದರು. "ಮೊದಲ ನೀಲವ್ವನ ಸೀಡಿ ಕೊಟ್ಟು ಬಾ, ಆಮ್ಯಾಲೆ ಇಲ್ಲೇ ಕೂತು ನೋಡ್ಕೋ" ಅಂತ ಅವಳೂ ಹೊರಗೆ ಹೋದಳು.

ಕಲ್ಮೇಶಿ ಸೀಡಿಯ ಡಬ್ಬಿ ತೆಗೆದುಕೊಂಡ. ನೀಲವ್ವನ ಮನೆಗೆ ಖಾಲಿ ಕೊಡಬಾರದು, ಒಳಗೆ ಏನಾದರೂ ಇಟ್ಟು ಕೊಡಬೇಕು, ಕೈಗೆ ಸಿಕ್ಕಿದ್ದು. ಅವನ ಕೈಗೆ ಏನು ಸಿಕ್ಕಿತು ಅಂತ ನನ್ನನ್ನೇನು ಕೇಳುತ್ತೀರಿ? ಮೇಜಿನ ಮೇಲೆ ಪೆನ್ ಡ್ರೈವ್ ಇತ್ತು. ಅದನ್ನು ಡಬ್ಬಿಯೊಳಗೆ ಇಟ್ಟು, ಕೊಟ್ಟು ಬಂದ.

ಬಂದು, ಮೊರದಿಂದ ಕಂಪ್ಯೂಟರಿಗೆ ಗಾಳಿ ಬೀಸುತ್ತ ಕೂತ. ಅದು ಕೇಳಿತು, "ಮುಂದುವರಿಯಲೇ?" ಹೌದು. "ಇದನ್ನು ಹಾಕಲೇ?" ಹೌದು. ಎಲ್ಲ ಮುಗಿದು ಆಟ ತಾನೇ ತೆರೆದುಕೊಂಡಿತು. "ಹೊಸ ಕೊಟ್ಟಿಗೆ ಶುರು ಮಾಡಲೇ?" ಹೌದು. "ಹಳೆಯ ಎಮ್ಮೆಗಳೆಲ್ಲ ಅಳಿಸಿಹೋಗುತ್ತವೆ. ಖಂಡಿತವೇ?"

ಹೌದು!

ಬಸಲಿಂಗವ್ವ ಅಳತೆ ಮುಗಿಸಿ ಒಳಗೆ ಬಂದಳು. ನೋಡಿದರೆ ಬಯಲಲ್ಲಿ ಒಂದೇ ಒಂದು ಎಮ್ಮೆ, ಹೆಸರಿಲ್ಲದ್ದು, ಇವಳನ್ನೇ ನೋಡುತ್ತ ಮೆಲುಕು ಹಾಕುತ್ತಿದೆ.

"ಉಳದವು ಎಲ್ಲಲೇ?"

"ಅದು ಕೇಳ್ತವ್ವ, ಹೌದು ಅಂದೆ."

ಬಸಲಿಂಗವ್ವ ನೆಲದ ಮೇಲೆ ಕೂತುಬಿಟ್ಟಳು. "ನಿಮ್ಮಪ್ಪ ಇಟ್ಟ ಹೆಸರೋ ಅವು! ಎಂಬತ್ತೇಳು ಹೆಸರೋ!" ಅಂತ ಅತ್ತಳು. ಆಮೇಲೆ ಪೆನ್ ಡ್ರೈವ್ ನೆನಪಾಯಿತು. "ಹೆಪ್ಪು! ಹೆಪ್ಪು ಎಲ್ಲೈತಿ?" ಮೇಜಿನ ಮೇಲೆ ಇಲ್ಲ, ಕೆಳಗೆ ಇಲ್ಲ, ಹಾಲಿನ ಪಾತ್ರೆಯಲ್ಲೂ ಇಲ್ಲ. ಕಲ್ಮೇಶಿ ಬಾಯಿ ತೆರೆದ, ಹೇಳಲಿಕ್ಕೆ. "ಬಾಯಿ ಮುಚ್ಚು!" ಅಂದಳು ತಾಯಿ. ಮುಚ್ಚಿದ.

ಅಷ್ಟರಲ್ಲಿ ಬಾಗಿಲಲ್ಲಿ ನೀಲವ್ವ. ಎರಡು ಬೆರಳಲ್ಲಿ ಏನೋ ಹಿಡಿದಿದ್ದಾಳೆ.

"ಬಸಲಿಂಗವ್ವ, ಸೀಡಿ ಡಬ್ಬಿಯಾಗ ಇದನ್ನ ಇಟ್ಟು ಕಳಿಸೀಯಲ್ಲಬೇ. ಖಾಲಿ ಕೊಡಬಾರದು ಅಂತ ಕೊಟ್ಟಿ, ಖರೆ. ಆದ್ರ ಇದನ್ನ ತಿನ್ನೂದು ಹೆಂಗ?"

ಬಸಲಿಂಗವ್ವ ಆ ಪೆನ್ ಡ್ರೈವನ್ನು ಕಣ್ಣಿಗೆ ಒತ್ತಿಕೊಂಡಳು. ನೀಲವ್ವನನ್ನು ತಬ್ಬಿಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು.

"ಲೇ, ಇನ್ನ ಆ ಕಂಪ್ಯೂಟರ್ ಏನು ಕೇಳಿದ್ರೂ 'ಬ್ಯಾಡ' ಅನ್ನಬೇಕು! ಏನs ಕೇಳಲಿ, ಎಷ್ಟs ಕೇಳಲಿ, ಬ್ಯಾಡ! ತಿಳೀತಾ?"

"ಹೂಂ ಅವ್ವ, ಇನ್ನ ಹಂಗs ಮಾಡ್ತೀನಿ."

ರುಬೀನಾ ಮತ್ತೆ ಬಂದಳು, ಮತ್ತೆ ಎಮ್ಮೆಗಳನ್ನು ಇಳಿಸಿದಳು. ಮರುದಿನ ಮಧ್ಯಾಹ್ನ ನೀಲವ್ವ, ರುಬೀನಾ, ಬಸಲಿಂಗವ್ವ ಮೂವರೂ ಪರದೆಯ ಮುಂದೆ ಕೂತರು. ಚಂದ್ರಿ ಎದ್ದಿತು, ತಿರುಗಿತು, ಈದಿತು! ಕರು ನಿಂತಿತು. ನೂರು! ಢಣ ಢಣ ಢಣ ಅಂತ ಗಂಟೆ ಬಾರಿಸಿತು.

"ಕೇಳಿದಿರೇನ್ರಿ?" ಅಂದಳು ಬಸಲಿಂಗವ್ವ, ಗೋಡೆಯ ಮೇಲಿನ ಗಂಡನ ಫೋಟೋ ನೋಡಿ. ಅತ್ತಳು, ನಕ್ಕಳು, ಕರುವಿಗೆ ಈಶ್ವರಿ ಅಂತ ಹೆಸರು ಬರೆದಳು. ಉಳುಕಿದ ಕಾಲು ಮರೆತು ಅಡುಗೆಮನೆಗೆ ಓಡಿದಳು. ಕಂಪ್ಯೂಟರಿನ ಎಮ್ಮೆ ಗಿಣ್ಣದ ಹಾಲು ಕೊಟ್ಟೀತೇ? ಶಾವಿಗೆ ಪಾಯಸ ಮಾಡಿ ಅದನ್ನೇ ಗಿಣ್ಣ ಅಂದಳು. ಓಣಿಯವರೂ ಗಿಣ್ಣ ಅಂತಲೇ ತಿಂದರು, ನೀವೇನು ತಕರಾರು ತೆಗೆಯಬೇಡಿ.

"ಕಲ್ಮೇಶಿ, ಆಟ ಬಂದ್ ಮಾಡಿ ಉಣ್ಣಾಕ ಬಾರೋ!" ಅಂತ ಒಳಗಿಂದ ಕೂಗಿದಳು.

ಕಲ್ಮೇಶಿ ಬಂದ್ ಮಾಡಲು ಹೋದ. ಅದು ಕೇಳಿತು: "ಇವತ್ತಿನ ಆಟವನ್ನು ಉಳಿಸಿ ಇಡಲೇ?"

ಅವ್ವ ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು.

"ಬ್ಯಾಡ" ಅಂದ.

ಸಂಜೆ ಬಸಲಿಂಗವ್ವ ಕರುವಿಗೆ ಹಾಲು ಕುಡಿಸಬೇಕು ಅಂತ ಆಟ ತೆರೆದಳು. ತೊಂಬತ್ತೊಂಬತ್ತು ಎಮ್ಮೆ. ಚಂದ್ರಿ ಹೊಟ್ಟೆ ಹೊತ್ತು ಮೂಲೆಯಲ್ಲಿ ಮಲಗಿದೆ. ಈಶ್ವರಿ ಇಲ್ಲ.

"ಏನು ಮಾಡಿದ್ಯೋ?" ಅಂದಳು ಪಾಪ.

"ಅದು ಕೇಳ್ತವ್ವ, ಬ್ಯಾಡ ಅಂದೆ."

ಬಸಲಿಂಗವ್ವ ಮಗನನ್ನು ನೋಡಿದಳು, ಚಂದ್ರಿಯನ್ನು ನೋಡಿದಳು, ಮೂಲೆಯಲ್ಲಿದ್ದ ಕಸಬರಿಗೆಯನ್ನು ನೋಡಿದಳು. ಕಲ್ಮೇಶಿ ಪಾಯಸದ ಬಟ್ಟಲನ್ನು ನೆಕ್ಕಿ, ಬಹಳ ವಿಚಾರ ಮಾಡಿ ಕೇಳಿದ:

"ಹಂಗಾದ್ರ ಚಂದ್ರಿ ನಾಳೆ ಮತ್ತ ಈಯತೈತಿ ಅಲ್ಲೇನವ್ವ? ಮತ್ತ ಗಿಣ್ಣ ಮಾಡ್ತೀಯೇನು?"