ಗೊರಸಿನ ಪುಡಿ

"ಅರಮನೆಯ ರಬ್ಬರು ಎಳೆದರೆ ಹರಿದುಹೋಗುತ್ತಿದೆ. ಅರಸರ ಮೂರು ಒಗಟು ಬಿಡಿಸಿದವನೇ ರಬ್ಬರು ಕಾರ್ಖಾನೆಗೆ ಒಡೆಯ. ಸೋತವನ ತಲೆ ಉಳಿಯದು" ಎಂದು ವಜ್ರಗಿರಿಯ ಬೀದಿಗಳಲ್ಲಿ ಡಂಗುರ ಸಾರಿದರು.

ಮೊದಲೆರಡು ಒಗಟು ಬಿಡಿಸಿದವರೂ, ರಬ್ಬರು ಗಟ್ಟಿಯಾಗಲು ಏನು ಬೆರೆಸಬೇಕೆಂಬ ಮೂರನೆಯದರಲ್ಲಿ ಸೋಲುತ್ತಿದ್ದರು. ಹೇಳಿದ್ದನ್ನು ರಬ್ಬರಿಗೆ ಬೆರೆಸಿ ಎಳೆದು ನೋಡುವರು. ಹರಿದರೆ ತಲೆ ಹೋದಂತೆ. ವರ್ತಕನ ಮಗ ಸುಣ್ಣದ ಪುಡಿ ಎಂದ, ಹೋದ. ಪಂಡಿತನೊಬ್ಬ ಬಂಗಾರದ ಪುಡಿ ಎಂದ, ಅವನೂ ಹೋದ. ಆಮೇಲೆ ಹೋದವನು ಬೈರ, ಕಾರ್ಖಾನೆಯಲ್ಲಿ ರಬ್ಬರು ನಾದುವ ಆಳು. ಅವನಿಗೆ ಉತ್ತರ ಗೊತ್ತಿತ್ತು. ಮನೆಯ ಕೊಡದ ತೂತಿಗೆ ಗೊರಸಿನ ಪುಡಿ ಬೆರೆಸಿದ ರಬ್ಬರು ಮೆತ್ತಿದವನು ಅವನೇ. ಎರಡು ವರ್ಷವಾದರೂ ಬಿರುಕು ಬಿಟ್ಟಿರಲಿಲ್ಲ. ಆದರೆ ರೇಷ್ಮೆಯುಟ್ಟವರ ನಡುವೆ ಗೊರಸಿನ ಹೆಸರೆತ್ತಲು ನಾಚಿ, ಯಾವ ಪುಡಿಯಾದರೇನು ಎಂದುಕೊಂಡು, "ಗಂಧದ ಪುಡಿ" ಎಂದುಬಿಟ್ಟ.

ಅವನ ತಿಥಿ ಮುಗಿದ ಮರುದಿನ ತಮ್ಮ ಚೌಡ ಹೊರಟ. ಪುಕ್ಕ, ಕೂದಲು, ಗೊರಸು ಆಯ್ದು ಬದುಕುವವನು. ತಾಯಿ ದ್ಯಾವಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಒಬ್ಬನ್ನ ಕೊಟ್ಟಿದ್ದು ಸಾಲದೇನೋ?"

"ಅಣ್ಣ ಹೇಳದೆ ಬಿಟ್ಟಿದ್ದನ್ನ ಹೇಳಿ ಬರ್ತೀನಿ, ಅವ್ವ."

ಸಭೆಯಲ್ಲಿ ಅರಸ ಕೇಳಿದ: "ನಮ್ಮ ರಬ್ಬರು ಮರದ ಹಾಲಲ್ಲ. ನೆಲದಡಿ ಮಲಗಿದ ಕಪ್ಪು ತಾಯಿ ಹೆತ್ತದ್ದು. ಯಾರವಳು?"

"ಕಲ್ಲೆಣ್ಣೆ, ಬುದ್ಧಿ. ನಮ್ಮಣ್ಣ ಹೇಳ್ತಿದ್ದ."

"ಕೋಳಿಗೆ ಅಂಗಿ, ಕುದುರೆಗೆ ಮೆಟ್ಟು, ನನಗೆ ಕಿರೀಟದಡಿಯ ನೆರಳು. ಸುಟ್ಟರೆ ಮೂರಕ್ಕೂ ಒಂದೇ ನಾತ. ಏನದು?"

"ಪುಕ್ಕ, ಗೊರಸು, ಕೂದಲು. ಮೂರೂ ಒಂದೇ ಸತ್ವದವು. ದಿನಾ ಸುಡೋರು ನಾವೇ."

"ನನ್ನ ರಬ್ಬರು ಹಸಿದರೆ ಹರಿಯುತ್ತದೆ, ಉಂಡರೆ ಗಟ್ಟಿಯಾಗುತ್ತದೆ. ಏನು ಉಣಿಸಲಿ?"

"ನೀವು ಎಸೆಯೋದನ್ನೇ, ಬುದ್ಧಿ. ಗೊರಸು, ಪುಕ್ಕ ಒಣಗಿಸಿ ನುಣ್ಣಗೆ ಕುಟ್ಟಿ, ನಾದುವಾಗ ಬೆರೆಸಿ. ಒಳಗೆಲ್ಲ ತುಂಬ್ಕೊಂಡು ಹಿಡಿದು ನಿಲ್ಲಿಸ್ತದೆ."

ಸಭೆ ಮೂಗು ಮುಚ್ಚಿಕೊಂಡಿತು. ಹಾಗೆಯೇ ಮಾಡಿ ತಂದ ರಬ್ಬರು ಪಟ್ಟಿಯನ್ನು ಇಬ್ಬರು ಜಟ್ಟಿಗಳು ಎಳೆದರು. ಹರಿಯಲಿಲ್ಲ.

ಅರಸ ಮುದ್ರೆಯುಂಗುರ ಬಿಚ್ಚಿ ಕೊಟ್ಟ. ಚೌಡ ಅದನ್ನು ಹಿಡಿದುಕೊಂಡೇ ಕೇಳಿದ: "ನಿಮ್ಮ ಉತ್ತರಾನೂ ಇದೇ ಆಗಿತ್ತಾ, ಬುದ್ಧಿ?"

"ನನಗೇ ಗೊತ್ತಿದ್ದರೆ ಡಂಗುರ ಯಾಕೆ ಸಾರಿಸುತ್ತಿದ್ದೆ?" ಎಂದು ಅರಸ ಎದ್ದು ಹೋದ.

ಚೌಡ ಕಾರ್ಖಾನೆಗೆ ಒಡೆಯನಾದ. ಗೊರಸಿನ ಪುಡಿಯನ್ನು ಸಭೆಯವರು ರಾಜಚೂರ್ಣ ಎಂದು ಕರೆಯತೊಡಗಿದರು. ಹೊಸ ಮನೆಗೆ ತಾಯಿಯನ್ನು ಕರೆಯಲು ಹೋದಾಗ ಅವಳು ಪುಕ್ಕ ಆಯುತ್ತಿದ್ದಳು.

"ಉತ್ತರ ಗೊತ್ತಿಲ್ಲದೆ ನನ್ನ ಮಗನ ತಲೆ ತೆಗೆದೋನ ಅನ್ನ ನಂಗೆ ಬೇಡ," ಎಂದಳು. "ನೀನು ಉಣ್ಣೋದಾದ್ರೆ ಉಣ್ಣಪ್ಪ."

ಚೌಡ ಹೋಗಿ ಉಂಡ.